ಬಿಚ್ಚುವ ಮುನ್ನ ಕ್ಯಾಮೆರಾ ಇಡಿ

ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಚನ್ನಪಟ್ಟಣದ ಗೊಂಬೆ, ಮನೆಯಲ್ಲೇ ಹೊಲಿದ ಕುಲಾವಿ, ಕೌದಿಗಳನ್ನು ಆನ್‌ಲೈನಿನಲ್ಲಿ ಮಾರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮಲ್ಲಿ ನನ್ನದೊಂದು ಕಳಕಳಿಯ ಮನವಿ. ರಿಟರ್ನ್ ಬಂದ ಪಾರ್ಸಲ್ಲನ್ನು ಕ್ಯಾಮೆರಾ ಮುಂದೆ ಇಡದೆ ಬಿಚ್ಚಬೇಡಿ. ಮೋಸ ಆಗಿದೆ ಎಂದು ಗೊತ್ತಾದ ಮೇಲೆ ‘ಹೋಗಲಿ ಬಿಡು, ನಮ್ಮ ಹಣೆಬರಹ’ ಎಂದು ಸುಮ್ಮನೆ ಕೂರಬೇಡಿ.

ಮದುವೆ ಸೀಸನ್ನಿನಲ್ಲಿ ತರಿಸಿಕೊಂಡ ಸೀರೆ, ಮದುವೆ ಮುಗಿದ ಮೇಲೆ ‘ಬಣ್ಣ ಹಿಡಿಸಲಿಲ್ಲ’ ಎಂಬ ಕಾರಣ ಹೊತ್ತು ವಾಪಸ್ ಬರುತ್ತದೆ. ದಡಿಯ ಅಂಚಿನಲ್ಲಿ ಅರಿಸಿನ, ಹೆಗಲ ಭಾಗದಲ್ಲಿ ಪಿನ್ನು ಚುಚ್ಚಿದ ತೂತು, ಫಾಲ್ ಹಚ್ಚಿ ಬಿಚ್ಚಿದ ಸೂಜಿಯ ಸಾಲು. ಅದಕ್ಕಿಂತ ಕೆಟ್ಟದ್ದು ಅದಲುಬದಲು: ಕೈಮಗ್ಗದ ಸೀರೆ ಹೋದ ಡಬ್ಬಿಯಲ್ಲಿ ಪಾಲಿಯೆಸ್ಟರ್ ಸೀರೆ ಬರುತ್ತದೆ. ಮಾಲು ಕೈಸೇರಿದ್ದರೂ ‘ಡಬ್ಬಿ ಖಾಲಿ ಇತ್ತು’ ಎನ್ನುವವರೂ ಇದ್ದಾರೆ. ಎಷ್ಟೋ ಸಲ ಗ್ರಾಹಕನ ದುಡ್ಡು ಮೊದಲು ಮರಳುತ್ತದೆ, ನಿಮಗೆ ಬರಬೇಕಾದ ಸೆಟಲ್‌ಮೆಂಟಿನಲ್ಲಿ ಅದನ್ನು ಮುರಿದುಕೊಳ್ಳುತ್ತಾರೆ. ಹೋಗಿಬರುವ ಸಾಗಣೆ ಖರ್ಚೂ ನಿಮ್ಮ ತಲೆಗೇ. ಅಷ್ಟರೊಳಗೆ ನೇಕಾರನಿಗೆ ಕೂಲಿ ಕೊಟ್ಟಾಗಿರುತ್ತದೆ.

ದೂರು ಕೇಳುವವರು ಆ ಸೀರೆಯನ್ನು ಕಣ್ಣಾರೆ ನೋಡುವುದಿಲ್ಲ, ನಿಮ್ಮ ಫೋಟೊ, ವಿಡಿಯೊ ಮಾತ್ರ ನೋಡುತ್ತಾರೆ. ಆದ್ದರಿಂದ ಸಾಕ್ಷಿ ಹುಟ್ಟಬೇಕಾದದ್ದು ಪ್ಯಾಕ್ ಮಾಡುವ ಹೊತ್ತಿನಲ್ಲೇ. ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಿ ನೇಯುತ್ತಾರಲ್ಲ, ಆ ಜಾಗವೇ ಅದರ ಗುರುತಿನ ಚೀಟಿ. ಯಂತ್ರಮಗ್ಗದ ನಕಲಿಗಳಲ್ಲಿ ಸಾಮಾನ್ಯವಾಗಿ ಈ ಕೊಂಡಿ ಇರುವುದಿಲ್ಲ. ಸೆರಗು ಬಿಡಿಸಿ, ಕೊಂಡಿಯ ಗೆರೆಯನ್ನು ಹತ್ತಿರದಿಂದ ತೋರಿಸಿ, ನೀವು ಹಾಕಿದ ಸಣ್ಣ ಗುರುತನ್ನೂ ತೋರಿಸಿ. ಮಡಿಚಿ, ಟ್ಯಾಗ್ ಕಟ್ಟಿ, ಡಬ್ಬಿಗೆ ಹಾಕಿ, ಬಿಚ್ಚಿದರೆ ಗೊತ್ತಾಗುವಂಥ ಟೇಪ್ ಅಂಟಿಸಿ, ತಕ್ಕಡಿಯ ಮೇಲಿಟ್ಟು ತೂಕ ಕಾಣಿಸಿ, ಕೊನೆಗೆ ಲೇಬಲ್ಲಿನ ನಂಬರ್ ಓದುವಷ್ಟು ಸ್ಪಷ್ಟವಾಗಿ ಹಿಡಿಯಿರಿ. ಎಲ್ಲವೂ ಒಂದೇ ಓಟದಲ್ಲಿರಲಿ. ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದ ವಿಡಿಯೊವನ್ನು ತಳ್ಳಿಹಾಕುವುದು ಸುಲಭ.

ರಿಟರ್ನ್ ಬಂದಾಗಲೂ ಹಾಗೆಯೇ. ಮೊದಲು ಡಬ್ಬಿಯ ಆರೂ ಬದಿ, ಟೇಪು, ಲೇಬಲ್ಲು, ತೂಕ, ಆಮೇಲೆ ಕತ್ತರಿ. ಸೀಲು ಒಡೆದಿದ್ದರೆ ಡೆಲಿವರಿ ಹುಡುಗನ ಮುಂದೆಯೇ ಫೋಟೊ ತೆಗೆದು, ಸಹಿ ಮಾಡುವ ಕಡೆ ಅದನ್ನು ಬರೆಯಿರಿ. ಆ ಹುಡುಗನ ಮೇಲೆ ಕೂಗಾಡಬೇಡಿ, ಅವನು ತಂದುಕೊಡುವವನಷ್ಟೇ. ಮೋಸ ಕಂಡರೆ ಅದೇ ದಿನ ಮಾರಾಟದ ವೇದಿಕೆಯಲ್ಲಿ ಕ್ಲೇಮ್ ಹಾಕಿ. ಅಮೆಜಾನಿನಲ್ಲಿ ಇದಕ್ಕೆ ಸೇಫ್-ಟಿ ಕ್ಲೇಮ್ ಎನ್ನುತ್ತಾರೆ. ಗಡುವು ಒಂದೊಂದು ವೇದಿಕೆಯಲ್ಲಿ ಒಂದೊಂದು ಥರ, ಬದಲಾಗುತ್ತಲೂ ಇರುತ್ತದೆ. ಮೊದಲ ಸಲ ತಿರಸ್ಕರಿಸಿದರೆ ಅಲ್ಲಿಗೇ ಬಿಡದೆ ಮೇಲ್ಮನವಿ ಹಾಕಿ. ಮೂಲ ವಿಡಿಯೊ ಅಳಿಸಬೇಡಿ: ವಾಟ್ಸ್ಆ್ಯಪಿನಲ್ಲಿ ವಿಡಿಯೊ ಆಗಿ ಕಳಿಸಿದ್ದು ಕುಗ್ಗಿ, ಮಸುಕಾಗುತ್ತದೆ. ದೊಡ್ಡ ಮೊತ್ತದ ವಂಚನೆಯಾಗಿದ್ದರೆ ಪೊಲೀಸರಿಗೆ ದೂರು ಕೊಡಲು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಇದೆ. ಅಲ್ಲಿಯೂ ಬೇಕಾಗುವುದು ಆ ಮೂಲ ಫೈಲೇ.

ನಮ್ಮ ಕಡೆಯಿಂದಲೂ ನ್ಯಾಯ ಇರಬೇಕು. ದೋಷವಿರುವ, ವರ್ಣಿಸಿದಂತೆ ಇಲ್ಲದ ಮಾಲನ್ನು ಮಾರಾಟಗಾರ ವಾಪಸ್ ಪಡೆಯಲೇಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಅದು ಸರಿಯಾದ ನಿಯಮ. ಕೈಮಗ್ಗದ ಬಟ್ಟೆಯಲ್ಲಿ ಎಳೆ ಏರುಪೇರಾಗುತ್ತದೆ, ಬಿಸಿಲಿನಲ್ಲಿ ಬಣ್ಣ ಬೇರೆ ಕಾಣುತ್ತದೆ ಎಂಬುದನ್ನು ಮೊದಲೇ ಬರೆದುಬಿಡಿ. ಹತ್ತು ಜನ ಪ್ರಾಮಾಣಿಕ ಗಿರಾಕಿಗಳನ್ನು ಒಬ್ಬ ವಂಚಕನ ಮೇಲಿನ ಸಿಟ್ಟಿನಲ್ಲಿ ಅನುಮಾನಿಸುವುದು ವ್ಯಾಪಾರಕ್ಕೂ ಒಳ್ಳೆಯದಲ್ಲ, ಮನಸ್ಸಿಗೂ ಒಳ್ಳೆಯದಲ್ಲ.

ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಮಿನಲ್ಲಿ ನೇರವಾಗಿ ಮಾರುವವರಿಗೆ ಕಾಯುವವರು ಇನ್ನೂ ಕಡಿಮೆ. ವಾಪಸಾತಿಯ ಷರತ್ತನ್ನು ಆರ್ಡರ್ ತೆಗೆದುಕೊಳ್ಳುವ ಮೊದಲೇ ಕಳಿಸಿ. ಮಾಲು ಕೈಗೆ ಬಂದು, ಪರೀಕ್ಷಿಸಿದ ಮೇಲೆ ಮಾತ್ರ ದುಡ್ಡು ಮರಳಿಸಿ. ‘ಹೆಚ್ಚು ಹಾಕಿಬಿಟ್ಟೆ, ಉಳಿದದ್ದು ಕಳಿಸಿ’ ಎನ್ನುವವರ ಸ್ಕ್ರೀನ್‌ಶಾಟ್ ನಂಬದೆ ನಿಮ್ಮ ಬ್ಯಾಂಕ್ ಖಾತೆ ನೋಡಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಒತ್ತಿ ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಊರೂರಿನ ಮಾರಾಟಗಾರರು ಸೇರಿ ಮಾತಾಡಿಕೊಳ್ಳಬೇಕೆಂಬುದು ನನ್ನ ಇನ್ನೊಂದು ಕೋರಿಕೆ. ಯಾವ ಬಗೆಯ ಮೋಸ ನಡೆಯಿತು, ಯಾವ ಸಾಕ್ಷಿ ಕೊಟ್ಟಾಗ ಕ್ಲೇಮ್ ಪಾಸಾಯಿತು ಎಂಬುದನ್ನು ಹಂಚಿಕೊಳ್ಳಿ. ಗಿರಾಕಿಯ ಹೆಸರು, ಫೋನ್ ನಂಬರುಗಳನ್ನು ಮಾತ್ರ ಗುಂಪಿಗೆ ಹಾಕಬೇಡಿ.

ಕೊಳ್ಳುವವರಲ್ಲೂ ಒಂದು ಮಾತು. ಇಷ್ಟವಾಗದಿದ್ದರೆ ಧಾರಾಳವಾಗಿ ವಾಪಸ್ ಮಾಡಿ, ಅದು ನಿಮಗೆ ಕೊಟ್ಟ ಸವಲತ್ತು. ಆದರೆ ಉಟ್ಟ ಸೀರೆಯನ್ನು ಮಡಿಚಿ ಕಳಿಸಬೇಡಿ. ಕನ್ನಡಿ ಮುಂದೆ ಮೈಮೇಲೆ ಹಿಡಿದು ನೋಡಿ, ಬೇಡವೆನಿಸಿದರೆ ಟ್ಯಾಗ್ ಕೀಳದೆ, ಮಡಿಕೆ ಕೆಡಿಸದೆ, ಗಡುವಿನೊಳಗೆ ಕಳಿಸಿಕೊಡಿ.