ಸತ್ತಿದ್ದು ಬ್ಯಾಟರಿ, ಗುಜರಿಗೆ ಹೊರಟಿದ್ದು ಕಾರು

ಕೊಡಂಬಲದಲ್ಲಿ ನಮ್ಮ ಕಾಕಾನ ಅಂಬಾಸಿಡರ್ ತಗಡಿನ ಶೆಡ್ಡಿನಲ್ಲಿ ತೊಗರಿ ಚೀಲಗಳ ಪಕ್ಕ ನಿಂತಿರುತ್ತದೆ. ಹೊರಗೆ ಬರುವುದು ವರ್ಷಕ್ಕೆ ಮೂರ್ನಾಲ್ಕು ಸಲ: ದಸರೆಗೆ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ, ಮನೆಯಲ್ಲಿ ಮದುವೆ ಇದ್ದರೆ ಮದುವೆಗೆ. ಹೋದ ದಸರೆಗೆ ಚಾವಿ ತಿರುಗಿಸಿದರೆ 'ಟಕ್' ಅಂದು ಸುಮ್ಮನಾಯಿತು. ನಾಲ್ಕು ವರ್ಷದಲ್ಲಿ ಅದು ಮೂರನೇ ಬ್ಯಾಟರಿ. "ಅಪ್ಪಾ, ಈ ಗಾಡಿ ಮುಗೀತು, ಗುಜರಿಗೆ ಹಾಕ್ರಿ" ಅಂದ ಮಗ. ಗುಜರಿಯವನೂ ಬಂದು ತೂಕದ ಲೆಕ್ಕದಲ್ಲಿ ದರ ಹೇಳಿ ಹೋದ.

ಇಂಜಿನ್‌ಗೆ ಏನೂ ಆಗಿರಲಿಲ್ಲ. ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿದ್ದು 2014ರಲ್ಲಿ. ಇನ್ನು ಹೊಸದು ಸಿಗುವುದಿಲ್ಲ. ಇದ್ದದ್ದನ್ನು ಒಂದು ಬ್ಯಾಟರಿಯ ಸಿಟ್ಟಿಗೆ ಮಾರುವುದೇ?

ಈ ಬ್ಯಾಟರಿಗಳು ವಯಸ್ಸಾಗಿ ಸಾಯುತ್ತಿಲ್ಲ, ನಾವೇ ಸಾಯಿಸುತ್ತಿದ್ದೇವೆ ಎಂದು ನನ್ನ ವಾದ. ಅದೂ ಪ್ರೀತಿಯಿಂದ. ಕಾಕಾ ಪ್ರತಿ ಸೋಮವಾರ ಪೂಜೆ ಮುಗಿಸಿ, ಕಾರು ಸ್ಟಾರ್ಟ್ ಮಾಡಿ, ಐದು ನಿಮಿಷ ನಿಂತಲ್ಲೇ ಓಡಿಸಿ ಬಂದ್ ಮಾಡುತ್ತಿದ್ದರು. ಸ್ಟಾರ್ಟರ್ ತಿರುಗುವಾಗ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಹಳೇ ಅಂಬಾಸಿಡರ್, ಪದ್ಮಿನಿಗಳಲ್ಲಿ ಇರುವುದು ಡೈನಮೊ. ಇಂಜಿನ್ ನಿಧಾನಕ್ಕೆ ಓಡುವಾಗ ಅದು ಬ್ಯಾಟರಿಗೆ ಕೊಡುವುದು ಹೆಚ್ಚುಕಡಿಮೆ ಸೊನ್ನೆ. ವಾರ ವಾರ ಸಾಲ ತೆಗೆದು ಬಡ್ಡಿಯನ್ನೂ ಕಟ್ಟದಿದ್ದ ಹಾಗೆ. ಅರ್ಧ ಖಾಲಿಯಾಗಿ ನಿಂತ ಬ್ಯಾಟರಿಯೊಳಗೆ ಸೀಸದ ಪ್ಲೇಟುಗಳ ಮೇಲೆ ಬಿಳಿ ಸಲ್ಫೇಟ್ ಕೂತು ಗಟ್ಟಿಯಾಗುತ್ತದೆ. ಅದು ತೀರಾ ಗಟ್ಟಿಯಾದ ಮೇಲೆ ಎಷ್ಟು ಚಾರ್ಜ್ ಮಾಡಿದರೂ ನೀರು ಕುದಿಯುತ್ತದೆ, ಶಕ್ತಿ ಬರುವುದಿಲ್ಲ.

ಕಾರು ನಿಲ್ಲಿಸಿಡುವ ಬಗ್ಗೆ ಯೂಟ್ಯೂಬಿನಲ್ಲಿ ನೋಡುವ ಸಲಹೆಗಳು ಬಹಳಷ್ಟು ಹಿಮ ಬೀಳುವ ದೇಶದವು. ಅವರಿಗೆ ಚಳಿಗಾಲದ ಚಿಂತೆ, ನಮಗೆ ಬೇಸಿಗೆಯದು. ಬಿಸಿ 10 ಡಿಗ್ರಿ ಏರಿದರೆ ಬ್ಯಾಟರಿ ತಾನಾಗಿ ಇಳಿಯುವ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಮೇ ತಿಂಗಳಲ್ಲಿ ನಮ್ಮ ತಗಡಿನ ಶೆಡ್ಡು ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಬ್ಯಾಟರಿ ಬಿಚ್ಚಿ ಮನೆಯ ತಂಪು ಮೂಲೆಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟರೆ ಅರ್ಧ ಕೆಲಸ ಆದಂತೆ. ನೆಲದ ಮೇಲೆ ಇಟ್ಟರೆ ಕರೆಂಟು ಭೂಮಿಗೆ ಇಳಿಯುತ್ತದೆ ಎನ್ನುವವರಿದ್ದಾರೆ. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅದು ಅನ್ವಯಿಸುವುದಿಲ್ಲ.

ಬಿಚ್ಚಲು ಮನಸ್ಸಿಲ್ಲದಿದ್ದರೆ ಬಾಡಿಗೆ ಕಟ್ಟಿದ ಅರ್ಥ್ ತಂತಿಯನ್ನಾದರೂ ತೆಗೆದಿಡಿ. ಬಿಚ್ಚುವಾಗ ಅದು ಮೊದಲು, ಕಟ್ಟುವಾಗ ಕೊನೆಗೆ. ತಿಂಗಳಿಗೊಮ್ಮೆ ಮೀಟರ್ ಹಚ್ಚಿ ನೋಡಿ. ಚಾರ್ಜ್ ಮಾಡಿ ಕೆಲ ಗಂಟೆ ಬಿಟ್ಟ ಮೇಲೆ 12.6 ವೋಲ್ಟ್ ಇದ್ದರೆ ತುಂಬಿದೆ, 12.4ಕ್ಕೆ ಇಳಿದರೆ ಚಾರ್ಜಿಗೆ ಹಾಕಿ, 12ಕ್ಕೆ ಬಂದರೆ ನೀವು ತಡಮಾಡಿದ್ದೀರಿ. 60 ಆಂಪಿಯರ್-ಅವರ್ ಬ್ಯಾಟರಿಗೆ 6 ಆಂಪಿಯರ್‌ಗಿಂತ ಹೆಚ್ಚು ಬೇಡ, ನಿಧಾನವಾದಷ್ಟೂ ಒಳ್ಳೆಯದು. ತುಂಬಿದ ಮೇಲೆ ತಾನೇ ನಿಲ್ಲದ ಚಾರ್ಜರ್ ಹಚ್ಚಿ ಹೊಲಕ್ಕೆ ಹೋಗಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಬಾಗಿಲು ತೆರೆದಿರಲಿ, ಬೀಡಿ ದೂರವಿರಲಿ. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬೋರಿನ ನೀರು ಖಂಡಿತ ಬೇಡ.

"ಕರೆಂಟೇ ಇರಲ್ಲ, ಚಾರ್ಜರ್ ಎಲ್ಲಿಂದ ಹಚ್ಚಲಿ?" ಎಂದು ಕಾಕಾ ಕೇಳಿದರು. ನ್ಯಾಯವಾದ ಪ್ರಶ್ನೆ. ಶೆಡ್ಡಿನ ಮೇಲೆ 10 ವಾಟ್‌ನ ಸಣ್ಣ ಸೋಲಾರ್ ಪ್ಲೇಟು, ನಡುವೆ ಒಂದು ಚಾರ್ಜ್ ಕಂಟ್ರೋಲರ್ ಸಾಕು. ಕಂಟ್ರೋಲರ್ ಬಿಟ್ಟು ನೇರ ಹಚ್ಚಿದರೆ ಬ್ಯಾಟರಿ ಅತಿ ಚಾರ್ಜಾಗಿ ಒಣಗುತ್ತದೆ.

ಹಳೇ ಬ್ಯಾಟರಿ ಬದುಕಲಿಲ್ಲ, ಮತ್ತೊಂದು ಕೊಳ್ಳಬೇಕಾಯಿತು. ಈಗ ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ತಿಂಗಳ ವೋಲ್ಟ್ ಬರೆಯುವುದು ಗುಜರಿ ಅಂದಿದ್ದ ಅದೇ ಮಗ. ಕಾಕಾಗೆ ಮಾತ್ರ ಸಮಾಧಾನವಿಲ್ಲ. "ವಾರಕ್ಕೊಮ್ಮೆ ಅದರ ದನಿ ಕೇಳ್ಬೇಕಲ್ಲೋ" ಎನ್ನುತ್ತಾರೆ. ಹಾಗಾದರೆ ಶೆಡ್ಡಿನೊಳಗೆ ಬೇಡ ಕಾಕಾ, ತಿಂಗಳಿಗೊಮ್ಮೆ ಕಾಕೂನ ಕೂಡಿಸ್ಕೊಂಡು ಹುಮನಾಬಾದ್ ತನಕ ಹೋಗಿ ಬರ್ರಿ ಅಂದಿದ್ದೇನೆ.