ಕೆರಿಬಿಯನ್ ಕಡಲತೀರಕ್ಕೆ ಹೋಗುವ ಮುನ್ನ

ಅಮೆರಿಕದಲ್ಲಿ ಮಕ್ಕಳಿರುವ ನಮ್ಮ ಜಿಲ್ಲೆಯ ಕನ್ನಡ ಮನೆಗಳಲ್ಲಿ ಈಚೆಗೆ ಒಂದು ಹೊಸ ಮಾತು ಕೇಳಿಬರುತ್ತಿದೆ. ಮಗನ ಮನೆಗೆಂದು ನ್ಯೂಜೆರ್ಸಿಗೋ ಬೋಸ್ಟನ್ನಿಗೋ ಹೋದ ತಂದೆತಾಯಿಯರನ್ನು ಅಲ್ಲಿಂದ ಒಂದು ವಾರದ ಮಟ್ಟಿಗೆ ಕೆರಿಬಿಯನ್ ದ್ವೀಪಗಳಿಗೆ ಕರೆದೊಯ್ಯುವ ಮಾತು. ಜಮೈಕಕ್ಕೆ ಅಲ್ಲಿಂದ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ‘ಆಲ್ ಇನ್‌ಕ್ಲೂಸಿವ್ ರೆಸಾರ್ಟ್ ಅಪ್ಪಾ, ಎಲ್ಲವೂ ಸೇರಿದೆ, ನೀವು ಬಂದರೆ ಸಾಕು’ ಎನ್ನುತ್ತಾರೆ ಮಕ್ಕಳು. ಕೋಣೆ, ಮೂರು ಹೊತ್ತಿನ ಊಟ, ಪಾನೀಯ, ಆಟ, ಮನರಂಜನೆ ಎಲ್ಲಕ್ಕೂ ಮುಂಗಡವಾಗಿ ಒಂದೇ ಮೊತ್ತ ಕಟ್ಟಿದರಾಯಿತು. ಕೈಗೆ ಒಂದು ಬಣ್ಣದ ಪಟ್ಟಿ ಬೀಳುತ್ತದೆ. ಕರೆಯುವ ಮಕ್ಕಳ ಪ್ರೀತಿಯನ್ನು ನಾವು ಸಂಶಯಿಸುವುದಿಲ್ಲ. ಆದರೆ ಜಾಹೀರಾತುಗಳಲ್ಲಿ ‘ಕುಟುಂಬಕ್ಕೆ ಹೇಳಿ ಮಾಡಿಸಿದ್ದು’ ಎಂದಿರುತ್ತದಲ್ಲ, ಆ ಕುಟುಂಬದಲ್ಲಿ ಅಜ್ಜ ಅಜ್ಜಿಯರಿಗೆ ಸ್ಥಾನವುಂಟೇ ಎಂಬುದನ್ನು ಹಣ ಕಟ್ಟುವ ಮುನ್ನವೇ ವಿಚಾರಿಸಿಕೊಳ್ಳುವುದು ಲೇಸು.

ಕುಂಬಳೆಯ ಹತ್ತಿರದ ನಿವೃತ್ತ ಮಾಸ್ತರರೊಬ್ಬರು ಹೆಂಡತಿಯೊಡನೆ ಹೀಗೆ ಹೋಗಿಬಂದವರು, ನಮ್ಮ ಕಚೇರಿಗೆ ಬಂದಿದ್ದಾಗ ತಮ್ಮ ಅನುಭವವನ್ನು ಹೇಳಿದರು. ಮಗ, ಸೊಸೆ, ಎಂಟು ಮತ್ತು ಐದು ವರ್ಷದ ಇಬ್ಬರು ಮೊಮ್ಮಕ್ಕಳು, ಒಟ್ಟು ಆರು ಜನ. ಊಟಕ್ಕೆ ಕೊರತೆಯಿಲ್ಲ, ಕೊಳ ಐದಾರು, ಕಡಲು ಕಣ್ಣೆದುರೇ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಮಕ್ಕಳನ್ನು ಕಿಡ್ಸ್ ಕ್ಲಬ್ ಎಂಬಲ್ಲಿಗೆ ಬಿಟ್ಟರೆ ಹಿಂದಕ್ಕೆ ಬರುವುದು ಸಂಜೆ. ರಾತ್ರಿ ಮತ್ತೆ ಅವರಿಗಾಗಿಯೇ ಏನಾದರೊಂದು ಪ್ರದರ್ಶನ. ಮುಖಕ್ಕೆ ಮೀನಿನ ಬಣ್ಣ ಬಳಿಸಿಕೊಂಡು ನಿದ್ದೆಗಣ್ಣಿನಲ್ಲಿ ಊಟದ ಮೇಜಿಗೆ ಬರುತ್ತಿದ್ದ ಮಕ್ಕಳೊಡನೆ ಅಜ್ಜಿಗೆ ನಾಲ್ಕು ಮಾತು ಆಡಲು ಆಗಲಿಲ್ಲವಂತೆ. ‘ಏಳು ದಿನ ನಾವಿಬ್ಬರೇ ಒಂದು ಮರದ ಕೆಳಗೆ ಕೂತು ಬಂದೆವು, ಅದಕ್ಕೆ ಇಷ್ಟು ದೂರ ಹೋಗಬೇಕಿತ್ತೇ’ ಎಂದು ಮಾಸ್ತರರು ನಕ್ಕರು. ನಗು ಅಷ್ಟು ಸುಖದ್ದಾಗಿರಲಿಲ್ಲ.

ಇದು ಆ ಒಂದು ರೆಸಾರ್ಟಿನ ತಪ್ಪೆಂದು ನಾವು ಹೇಳುವುದಿಲ್ಲ. ಈ ಪದ್ಧತಿ ಹುಟ್ಟಿದ ರೀತಿಯೇ ಹಾಗೆ. 1950ರಲ್ಲಿ ಜೆರಾರ್ ಬ್ಲಿಟ್ಸ್ ಎಂಬ ಬೆಲ್ಜಿಯಂ ದೇಶದವನು ಸ್ಪೇನಿನ ಮಯೋರ್ಕ ದ್ವೀಪದಲ್ಲಿ ಡೇರೆಗಳನ್ನು ಹಾಕಿ ಕ್ಲಬ್ ಮೆಡ್ ಆರಂಭಿಸಿದ. 1981ರಲ್ಲಿ ಜಮೈಕದ ಮಾಂಟೆಗೋ ಬೇಯಲ್ಲಿ ಬುಚ್ ಸ್ಟುವರ್ಟ್ ತೆರೆದ ಸ್ಯಾಂಡಲ್ಸ್ ದಂಪತಿಗಳಿಗೆಂದೇ ಇದ್ದ ತಾಣ. ಮಕ್ಕಳಿರುವವರಿಗಾಗಿ ಅದೇ ಸಂಸ್ಥೆ ‘ಬೀಚಸ್’ ಎಂಬ ಬೇರೆ ಹೆಸರಿನ ತಾಣಗಳನ್ನು ತೆರೆದುದು 1997ರಲ್ಲಿ. ದುಡಿದು ದಣಿದ ಗಂಡಹೆಂಡಿರ ವಿರಾಮಕ್ಕೆ ಕಟ್ಟಿದ ಏರ್ಪಾಡಿಗೆ ಮಕ್ಕಳನ್ನು ಆಮೇಲೆ ಸೇರಿಸಲಾಯಿತು. ಅಪ್ಪ ಅಮ್ಮಂದಿರಿಗೆ ಬಿಡುವಾಗಲೆಂದು ಅವರನ್ನು ಬೇರೆ ಕೂರಿಸಲಾಯಿತು. ವರ್ಷವಿಡೀ ಮಕ್ಕಳೊಡನಿರುವ ತಂದೆತಾಯಿಗೆ ಇದು ಉಪಕಾರವೇ ಸರಿ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮೊಮ್ಮಕ್ಕಳ ಮುಖ ಕಾಣುವವರ ಲೆಕ್ಕ ಬೇರೆ. ಅಜ್ಜಿಯ ಬಾಯಿಂದ ಬಿಟ್ಟರೆ ಕನ್ನಡದ ಕಥೆ ಆ ಮಕ್ಕಳ ಕಿವಿಗೆ ಬೀಳುವುದು ಮತ್ತೆಲ್ಲಿ?

ಆದುದರಿಂದ ಕೊಳ ಎಷ್ಟು, ಜಾರುಬಂಡೆ ಎಷ್ಟು ಎಂದು ಕೇಳುವುದಕ್ಕಿಂತ, ಆರು ಜನ ಒಟ್ಟಿಗೆ ಕೂರಲು ಎಲ್ಲಿ ಜಾಗವಿದೆ ಎಂದು ಮೊದಲು ಕೇಳಬೇಕು. ಈ ತಾಣಗಳ ದರ ಸಾಮಾನ್ಯವಾಗಿ ಒಂದು ಕೋಣೆಗೆ ಇಬ್ಬರು ದೊಡ್ಡವರೆಂಬ ಲೆಕ್ಕದ್ದು. ಹಿರಿಯರಿಗೆ ಬೇರೆ ಕೋಣೆ ಬೇಕು, ಅದು ಇನ್ನೊಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಸಿಕ್ಕಿದರೆ ಮುಗಿಯಿತು. ‘ಅಕ್ಕಪಕ್ಕದ ಕೋಣೆ’ ಎಂದರೆ ಸಾಲದು. ನಡುವೆ ಬಾಗಿಲಿರುವ ಕೋಣೆಗಳೇ ಬೇಕೆಂದು ಹೇಳಿ, ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಎರಡು ಮಲಗುವ ಕೋಣೆ, ಒಂದು ಚಾವಡಿ, ಸಣ್ಣ ಅಡುಗೆಮನೆ ಇರುವ ಬಿಡಾರ ದೊರೆತರೆ ಇನ್ನೂ ಒಳ್ಳೆಯದು.

ಊಟದ ವಿಷಯ ಸ್ವಲ್ಪ ಹೆಚ್ಚೇ ಹೇಳಬೇಕಾಗಿದೆ. ಒಂದೇ ಮೊತ್ತದ ದರದೊಳಗೆ ಮದ್ಯದ ಬೆಲೆಯೂ ಸೇರಿರುತ್ತದೆ. ಕುಡಿಯದ, ಮಾಂಸ ತಿನ್ನದ ಇಬ್ಬರು ಹಿರಿಯರು ತಮಗೆ ಬೇಡವಾದುದಕ್ಕೂ ಹಣ ತೆತ್ತಂತಾಯಿತು. ಹೋಗಲಿ, ತಟ್ಟೆಗೆ ಬರುವುದಾದರೂ ಏನು? ಎಷ್ಟೋ ಕಡೆ ಸಸ್ಯಾಹಾರವೆಂದರೆ ಪಾಸ್ತಾ, ಹುರಿದ ಬಟಾಟೆ, ಹಣ್ಣು. ಹೊರಗಿನ ಜಮೈಕದಲ್ಲಾದರೆ ನಮ್ಮ ಜೀಗುಜ್ಜೆಯನ್ನು ಕೆಂಡದಲ್ಲಿ ಸುಟ್ಟು ತಿನ್ನುತ್ತಾರೆ. ಗುಲಾಮರ ಹೊಟ್ಟೆ ತುಂಬಿಸಲೆಂದು 1793ರಲ್ಲಿ ಕ್ಯಾಪ್ಟನ್ ಬ್ಲೈ ಶಾಂತಸಾಗರದಿಂದ ತಂದ ಗಿಡ ಅದು. ಅಲ್ಲಿನವರು ಕಲಾಲೂ ಎನ್ನುವ ಸೊಪ್ಪು ನಮ್ಮ ಹರಿವೆಯ ಬಳಗದ್ದೇ. ಅನ್ನವನ್ನು ಕೆಂಪು ಬೀನ್ಸಿನೊಂದಿಗೆ ತೆಂಗಿನ ಹಾಲಿನಲ್ಲಿ ಬೇಯಿಸುತ್ತಾರೆ. 1845ರಿಂದ ಕೂಲಿಗಳಾಗಿ ಹೋದ ಭಾರತೀಯರಿಂದ ಕರಿಯೂ ರೊಟ್ಟಿಯೂ ಅಲ್ಲಿ ಬೇರೂರಿವೆ. ರಸ್ತಫಾರಿ ಪಂಥದವರ ‘ಐಟಲ್’ ಅಡುಗೆಯಲ್ಲಿ ಮಾಂಸವೇ ಇರುವುದಿಲ್ಲ. ಹರಿವೆಗೆ ಉಪ್ಪುಮೀನು ಹಾಕುವ ರೂಢಿಯುಂಟು, ಕೇಳಿಯೇ ಬಡಿಸಿಕೊಳ್ಳಬೇಕು. ಇಂಥದನ್ನು ಮಾಡಿಕೊಡುವಿರಾ ಎಂದು ಮುಂಚಿತವಾಗಿ ವಿಚಾರಿಸಿದರೆ ಆ ರೆಸಾರ್ಟಿನ ಗುಣ ತಿಳಿಯುತ್ತದೆ.

ಕಾಲವನ್ನೂ ನೋಡಬೇಕು. ಅಮೆರಿಕದ ಶಾಲೆಗಳಿಗೆ ರಜೆ ಬರುವುದು ಬೇಸಗೆಯಲ್ಲಿ. ಕೆರಿಬಿಯನ್ನಿನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಎಂಬ ಐದನೆಯ ದರ್ಜೆಯ ಚಂಡಮಾರುತ ಜಮೈಕಕ್ಕೆ ಅಪ್ಪಳಿಸಿ ಎಷ್ಟೋ ಊರುಗಳನ್ನು ನೆಲಸಮ ಮಾಡಿತು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹವೆ ಹಿತ, ದರ ಮಾತ್ರ ಏರು. ಬೇಸಗೆಯಲ್ಲೇ ಹೋಗಬೇಕಾದವರಿಗೆ ವೆನೆಜುವೆಲಾದ ಹತ್ತಿರವಿರುವ ಅರೂಬ, ಕುರಸಾವ್ ದ್ವೀಪಗಳು ವಾಸಿ. ಅತ್ತ ಚಂಡಮಾರುತ ತಿರುಗುವುದು ಅಪರೂಪ. 2011ರ ನಂತರ ಸರ್ಗಾಸಮ್ ಎಂಬ ಕಡಲಕಳೆ ರಾಶಿರಾಶಿಯಾಗಿ ಬಂದು ಕೊಳೆತು ನಾರುವ ಪೀಡೆಯೂ ಸೇರಿಕೊಂಡಿದೆ. ಪುಂಟ ಕಾನದಂತಹ ಪೂರ್ವದ ತೀರಗಳಿಗೆ ಅದರ ಕಾಟ ಹೆಚ್ಚು. ಪುಟ್ಟ ಮಕ್ಕಳಿಗೂ ಮಂಡಿನೋವಿನ ಹಿರಿಯರಿಗೂ ಬಾರ್ಬಡೋಸಿನ ಪಶ್ಚಿಮ ತೀರದಂತಹ ತೆರೆ ಕಡಿಮೆಯ ನೀರೇ ಸರಿ. ಬಾರ್ಬಡೋಸಿನ ಕಡಲತೀರವೆಲ್ಲ ಸಾರ್ವಜನಿಕರದು. ಅಲ್ಲಿ ಊರಿನ ಮಕ್ಕಳೂ ಈಜಲು ಬರುತ್ತಾರೆ. ಜಮೈಕದಲ್ಲಿ 1956ರ ಕಾನೂನಿನಂತೆ ಊರಿನವರಿಗೇ ಕಡಲಿಗಿಳಿಯುವ ಸಾರ್ವತ್ರಿಕ ಹಕ್ಕಿಲ್ಲ.

ಹೊರಡುವ ಹಿರಿಯರ ಅಮೆರಿಕದ ವೀಸಾ ಮತ್ತೊಮ್ಮೆ ಒಳಬರಲು ಸಲ್ಲುವುದೇ, ಆರೋಗ್ಯ ವಿಮೆ ದ್ವೀಪಗಳಲ್ಲೂ ನಡೆಯುವುದೇ ಎಂದು ಮಕ್ಕಳು ಮೊದಲೇ ನೋಡಿಕೊಳ್ಳಲಿ.

ಮಾಸ್ತರರ ಮಗ ಬರುವ ವರ್ಷ ಮತ್ತೆ ಕರೆದಿದ್ದಾನಂತೆ. ಕಿಡ್ಸ್ ಕ್ಲಬ್ಬಿಗೆ ಬೆಳಗಿನ ಹೊತ್ತು ಎರಡು ಗಂಟೆ ಮಾತ್ರ, ಮಧ್ಯಾಹ್ನದ ಮೇಲೆ ಮಕ್ಕಳು ನಮ್ಮೊಡನೆ ಎಂದು ಇವರು ಒಪ್ಪಿಸಿಕೊಂಡಿದ್ದಾರೆ. ಆಫ್ರಿಕದಿಂದ ಬಂದವರು ಆಂಟಿಗುವ, ಬಾರ್ಬಡೋಸ್‌ಗಳಲ್ಲಿ ‘ವಾರಿ’ ಎಂದು ಆಡುವ ಆಟ ನಮ್ಮ ಚೆನ್ನೆಮಣೆಯಂಥದೇ ಎಂದು ನಾವು ಹೇಳಿದಾಗ ಮಾಸ್ತರರ ಹೆಂಡತಿಗೆ ಬಹಳ ಸಂತೋಷವಾಯಿತು. ಅಟ್ಟದಲ್ಲಿರುವ ಮಣೆ ವಿಮಾನದ ಚೀಲದಲ್ಲಿ ಹಿಡಿಸುವುದೇ ಎಂಬುದು ಈಗ ಅವರ ಚಿಂತೆ.