ಹಿತ್ತಾಳೆ ತೋಟಾಕ್ಕೆ ಎಷ್ಟು ಜನ್ಮ?

ನಮ್ಮ ತಾಲ್ಲೂಕಿನಲ್ಲಿ ಕೋವಿ ಇರುವ ಮನೆ ಎಷ್ಟು ಎಂದು ಕೇಳಿದರೆ ಪೊಲೀಸ್ ಠಾಣೆಯ ಪುಸ್ತಕದಲ್ಲಿ ಲೆಕ್ಕ ಸಿಕ್ಕೀತು. ಹೊಡೆದು ಖಾಲಿಯಾದ ಹಿತ್ತಾಳೆ ತೋಟಾ ಅಟ್ಟದ ಮೇಲೆ ಎಷ್ಟಿವೆ ಎಂದರೆ ಯಾವ ಪುಸ್ತಕದಲ್ಲೂ ಇಲ್ಲ. ಅಜ್ಜನ ಕಾಲದ್ದು, ಎಸೆಯಲು ಮನಸ್ಸು ಬಾರದು. ಕೈಲ್ ಮುಹೂರ್ತ ಹತ್ತಿರವಾಗಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದ ಸುದ್ದಿ ಹಬ್ಬಿದರೆ ಸಾಕು, ಡಬ್ಬಿ ಕೆಳಗಿಳಿಯುತ್ತದೆ. "ಹೊಸದಕ್ಕೆ ಯಾಕ್ರೀ ದುಡ್ಡು, ಇದಕ್ಕೇ ಮದ್ದು ತುಂಬಿದರಾಯ್ತು" ಅನ್ನುವ ಜಾಣರಿಗೇನೂ ಬರವಿಲ್ಲ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸಂತೋಷ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಹೊತ್ತುಕೊಂಡು ಹೋಗುವುದಕ್ಕೆ. ತೋಟಾ ತಯಾರಿಸುವುದಕ್ಕೆ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಬೇರೆಯೇ ಪರವಾನಗಿ ಬೇಕು. ಮನೆ ಜಗಲಿಯನ್ನು ಕಾರ್ಖಾನೆ ಮಾಡಲು ಯಾರಿಗೂ ವಿನಾಯಿತಿ ಇಲ್ಲ.

ಕಾನೂನು ಹಾಗಿರಲಿ, ಹಿತ್ತಾಳೆಯ ಸ್ವಭಾವ ಕೇಳಿ. ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ರೈಫಲ್ ಈಡು ಹಾರಿದಾಗ ಒಳಗೆ ಚದರ ಇಂಚಿಗೆ 40 ಸಾವಿರ ಪೌಂಡಿನ ಆಸುಪಾಸು ಒತ್ತಡ ಏಳುತ್ತದೆ. ನೀವು ಈಗ ಕೂತಿರುವ ಬಸ್ಸಿನ ಟೈರಿನಲ್ಲಿ ಇರುವುದು ಸುಮಾರು ನೂರು ಪೌಂಡು! ಆ ಕ್ಷಣಕ್ಕೆ ಹಿತ್ತಾಳೆ ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಬಿಸಿ ಹೊಗೆ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಹೊಡೆಯುವವನ ಕಣ್ಣಿಗೂ ಆ ಬೆಂಕಿಗೂ ಮಧ್ಯೆ ಅದೇ ಬಾಗಿಲು. ಒಮ್ಮೆ ಉಬ್ಬಿದ್ದನ್ನು ಅಚ್ಚಿಗೆ ಹಾಕಿ ಒತ್ತಿದರೆ ಲೋಹ ಮುಂದಕ್ಕೆ ಹರಿದು ಬಾಯಿಯ ಕಡೆ ಸೇರುತ್ತದೆ, ಬುಡದ ಮೇಲುಗಡೆ ಸವೆಯುತ್ತದೆ. ನಾಲ್ಕಾರು ಸಲ ಹೀಗಾದರೆ ಅಲ್ಲಿ ಉಂಗುರದಂತೆ ಒಂದು ಹೊಳೆಯುವ ಗೆರೆ ಮೂಡುತ್ತದೆ. ಹೊರಗೆ ಕಾಣದಿದ್ದರೂ ತುದಿ ಬಾಗಿಸಿದ ತಂತಿಯನ್ನು ಒಳಗೆ ಎಳೆದು ನೋಡಿದರೆ ಹಳ್ಳ ತಗಲುತ್ತದೆ. ಅಂಥದ್ದು ಮುಂದಿನ ಈಡಿಗೆ ಎರಡು ತುಂಡಾಗಬಹುದು. ಬಾಯಿಯಲ್ಲಿ ಕೂದಲೆಳೆ ಸೀಳು, ಕೇಪು ಸಡಿಲವಾಗಿ ಕೂರುವ ಗುಳಿ, ಸತು ಕರಗಿಹೋದ ಕೆಂಪು ಮಚ್ಚೆ, ಇವೂ ಅಷ್ಟೇ. ಒಂದು ಕಂಡರೂ ಅದರ ಕಥೆ ಮುಗಿಯಿತು.

ಬಡಿದು ಗಟ್ಟಿಯಾದ ತಟ್ಟೆಯನ್ನು ಕಂಚುಗಾರ ಕಾಯಿಸಿ ಮೆದು ಮಾಡುತ್ತಾನಲ್ಲ, ಹಾಗೇ ಒಲೆಗೆ ಹಾಕಿದರಾಯಿತು ಎನ್ನುವವರೂ ಉಂಟು. ಬಲ್ಲವರು ಕಾಯಿಸುವುದು ಬಾಯಿಯ ಭಾಗ ಮಾತ್ರ. ಬುಡ ಗಟ್ಟಿಯಾಗಿಯೇ ಇರಬೇಕು. ಇಡೀ ತೋಟಾ ಕೆಂಡಕ್ಕೆ ಬಿದ್ದರೆ ಬುಡವೂ ಮೆದುವಾಯಿತು, ಬಾಗಿಲ ಚಿಲಕ ಬೆಣ್ಣೆಯದ್ದಾಯಿತು.

ಇನ್ನು ನಮ್ಮೂರಿಗೆ ಹೇಳಿ ಮಾಡಿಸಿದಂಥ ಒಂದು ವಿಷಯ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದವರು ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಒಂದು ಈಡೂ ಹೊಡೆಯದ ಹೊಸ ತೋಟಾಗಳು ತಾವಾಗಿಯೇ ಸೀಳಿಕೊಂಡವು. ಕಾರಣವನ್ನು ಪರೀಕ್ಷೆ ಮಾಡಿ 1921ರಲ್ಲಿ ಪ್ರಕಟಿಸಿದವರು ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಜೊತೆಗೆ ತೇವದ ಗಾಳಿ. ತಯಾರಿಸುವಾಗ ಲೋಹದೊಳಗೆ ಉಳಿದ ಬಿಗಿತ ಅದರಿಂದ ಬಿರುಕಾಗಿ ಬಾಯಿ ಬಿಟ್ಟಿತು.

ಲಾಯ ನಮ್ಮಲ್ಲಿಲ್ಲ, ಕೊಟ್ಟಿಗೆ ಇದೆ. ಶಾಂತಳ್ಳಿ ಕಡೆಯ ಮಳೆಯನ್ನು ಯಾರಿಗೂ ವರ್ಣಿಸಬೇಕಾಗಿಲ್ಲ. ಕೊಟ್ಟಿಗೆಗೆ ಅಂಟಿಕೊಂಡ ಮನೆ, ಕೆಳಗೆ ಗಂಜಲ, ಮೇಲೆ ಅಟ್ಟ, ಅಟ್ಟದಲ್ಲಿ ಡಬ್ಬಿ. ತೋಟದ ಮನೆಯಾದರೆ ಪಕ್ಕದಲ್ಲೇ ಅಮೋನಿಯಂ ಸಲ್ಫೇಟ್ ಮೂಟೆ. ಹೊಡೆದು, ಒತ್ತಿ, ಮತ್ತೆ ಹೊಡೆದು ಬಿಗಿತುಂಬಿದ ಹಿತ್ತಾಳೆಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗದು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಫಳಫಳ ಹೊಳೆಯುತ್ತದೆ, ನಿಜ. ಹೊಳಪಿನ ಕೆಳಗಿನ ಸೀಳು ಹುಣಸೆಗೆ ಹೋಗದು.

ಹೊಸ ತೋಟಾ ದುಬಾರಿ ಎಂಬ ದೂರು ಸುಳ್ಳಲ್ಲ. ಆದರೆ ಉಳಿತಾಯದ ಲೆಕ್ಕ ಹಾಕುವವರು ಬಲಗಣ್ಣಿನ ಬೆಲೆಯನ್ನು ಯಾವ ಕಾಲಂನಲ್ಲಿ ಬರೆಯುತ್ತಾರೋ! ಕ್ಲಬ್ಬುಗಳಲ್ಲಿ ಪರವಾನಗಿ ಪಡೆದು ತುಂಬುವವರು ಪ್ರತಿ ತೋಟಾಕ್ಕೆ ಎಷ್ಟನೇ ಈಡು ಎಂದು ಬರೆದಿಡಬೇಕು, ಅನುಮಾನ ಬಂದದ್ದನ್ನು ಪಕ್ಕಕ್ಕಿಡಬೇಕು. ಎಷ್ಟನೇ ಈಡೆಂದು ಯಾರಿಗೂ ಗೊತ್ತಿಲ್ಲದ ಅಟ್ಟದ ಡಬ್ಬಿಗೆ ಈ ಮಾತೂ ಅನ್ವಯಿಸದು. ಅದು ಪೂರ್ತಿ ಗುಜರಿಯೇ.

ಗುಜರಿಗೆ ಕೊಡುವಾಗಲೂ ಒಂದೊಂದಾಗಿ ನೋಡಿ ಕೊಡಿ. ಹೊಡೆದು ಖಾಲಿಯಾದದ್ದರ ಬಾಯಿಯನ್ನು ಇಕ್ಕಳದಿಂದ ಚಪ್ಪಟೆ ಮಾಡಿದರೆ ಮತ್ತೊಬ್ಬ ಜಾಣನ ಕೈಗೆ ಅದು ಹೋಗದು. ಗುಂಡು ಇರುವುದನ್ನು, ಹೊಡೆಯದ ಕೇಪು ಇರುವುದನ್ನು ಮುಟ್ಟಬೇಡಿ, ಸುತ್ತಿಗೆ ಹಾಕಬೇಡಿ, ಠಾಣೆಗೆ ತಿಳಿಸಿ. ಸೋಮವಾರದ ಸಂತೆ ದಿನ ಚೀಲಗಟ್ಟಲೆ ಹಿತ್ತಾಳೆ ಕೊಳ್ಳುವ ಅಂಗಡಿಯವರಿಗೂ ಇದೇ ಮಾತು. ತಕ್ಕಡಿಗೆ ಹಾಕುವ ಮೊದಲು ಚೀಲವನ್ನು ನೆಲಕ್ಕೆ ಸುರಿದು ನೋಡಿ.